ಮೌನಕ್ಕೆ ಕಟ್ಟುವ ಕಂತು

ವಿದ್ಯುತ್ ಕಾರು ಕೊಳ್ಳುವವರು ಮುಂದಿಡುವ ಕಾರಣಗಳು ಸಾಮಾನ್ಯವಾಗಿ ಮೂರು: ಪೆಟ್ರೋಲಿನ ಬೆಲೆ, ಪರಿಸರದ ಕಾಳಜಿ ಮತ್ತು ಮೌನ. ಇವುಗಳಲ್ಲಿ ಮೊದಲನೆಯದನ್ನು ಮನೆಯವರಿಗೂ ಎರಡನೆಯದನ್ನು ನೆಂಟರಿಗೂ ಹೇಳಲಾಗುತ್ತದೆ. ಮೂರನೆಯದನ್ನು ಮಾಲೀಕನು ತನಗೆ ತಾನೇ ಹೇಳಿಕೊಂಡು, ತಿಂಗಳ ಕಂತು ಖಾತೆಯಿಂದ ಕಡಿತವಾಗುವ ದಿನ ಸಮಾಧಾನಪಟ್ಟುಕೊಳ್ಳುತ್ತಾನೆ. ಹೊರಡುವಾಗ ಗುರುಗುಟ್ಟದ, ಸಿಗ್ನಲಿನಲ್ಲಿ ನಿಂತಾಗ ನಡುಗದ ಈ ವಾಹನದಲ್ಲಿ ಸೈಲೆನ್ಸರ್ ಎಂಬ ಭಾಗವೇ ಇಲ್ಲವೆಂಬುದು ಗಮನಾರ್ಹ. ಆ ಹೆಸರಿನ ಭಾಗವನ್ನು ಹೊತ್ತ ವಾಹನಗಳೇ ಊರಿನಲ್ಲಿ ಹೆಚ್ಚು ಸದ್ದು ಮಾಡುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬೆಂಗಳೂರಿಗಂತೂ ಈ ಮೌನದ ಪರಿಚಯ ಹಳೆಯದು. 2001ರಲ್ಲೇ ಇಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರು, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಪಾದಚಾರಿಯ ಪಕ್ಕದಲ್ಲಿ ನಿಲ್ಲುವ ಕಲೆಯನ್ನು ಊರಿಗೆ ಅಂದೇ ತೋರಿಸಿಕೊಟ್ಟಿತ್ತು. ಹೀಗೆ ಹಣ ತೆತ್ತು ಪಡೆದ ಮೌನವು ಮಾಲೀಕನ ಕೈಗೆ ಯಾಕೆ ಸಿಗುವುದಿಲ್ಲವೆಂಬುದೇ ಇಲ್ಲಿನ ವಿಚಾರ.

ಈ ಮೌನಕ್ಕೆ ಮೊದಲ ಶತ್ರು ಆ ಮೌನವೇ. ಶ್ರವಣಶಾಸ್ತ್ರದಲ್ಲಿ ಮರೆಮಾಚಿಕೆ ಎಂಬ ಪರಿಕಲ್ಪನೆಯೊಂದಿದೆ. ದೊಡ್ಡ ಸದ್ದು ನಡೆಯುತ್ತಿರುವಾಗ ಸಣ್ಣ ಸದ್ದುಗಳು ಇದ್ದೂ ಕೇಳಿಸದಂತಾಗುವುದನ್ನು ಹಾಗೆನ್ನುತ್ತಾರೆ. ಮದುವೆಮನೆಯಲ್ಲಿ ಓಲಗ ತಟಕ್ಕನೆ ನಿಂತಾಗ, ಪಂಕ್ತಿಯ ಕೊನೆಯಲ್ಲಿ ಇಬ್ಬರು ಆಡಿಕೊಳ್ಳುತ್ತಿದ್ದ ಮಾತು ಇಡೀ ಚಪ್ಪರಕ್ಕೆ ಕೇಳಿಬಿಡುವುದು ಈ ನಿಯಮದಿಂದಲೇ. ಪೆಟ್ರೋಲ್ ಎಂಜಿನ್ ಅಂಥದೊಂದು ಓಲಗವಾಗಿತ್ತು. ಅದು ನಿಂತೊಡನೆ ಟೈರಿನ ಗುಂಯ್ಗುಡುವಿಕೆ, ಪಕ್ಕದ ಕನ್ನಡಿಗೆ ತಾಗುವ ಗಾಳಿಯ ಸಿಳ್ಳು, ಬಾಗಿಲಿನ ಕಿಸೆಯಲ್ಲಿ ಉರುಳುವ ಸ್ಟೀಲ್ ಬಾಟಲಿ, ಹಳೆಯ ಕಾರಿನಿಂದ ಭಕ್ತಿಯಿಂದ ತಂದು ಅಂಟಿಸಿದ ಗಣಪತಿಯ ಸಡಿಲ ಪೀಠ, ಇವೆಲ್ಲ ಒಂದೊಂದಾಗಿ ದನಿಯೆತ್ತುತ್ತವೆ. ಎಲ್ಲಿಂದಲೋ ಬರುವ ಕಟಕಟ ಸದ್ದನ್ನು ಹಿಡಿಯಲು ಮಾಲೀಕನು ಸರ್ವಿಸ್ ಸೆಂಟರಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರಿನ ಹಂಪುಗಳನ್ನೆಲ್ಲ ಹುಡುಕಿ ಹುಡುಕಿ ಹತ್ತಿಳಿಸುತ್ತಾನೆ. ಕೊನೆಗೆ ಆ ಸದ್ದಿನ ಮೂಲ ಮಾವನವರು ಮರೆತುಹೋದ ಕನ್ನಡಕದ ಪೆಟ್ಟಿಗೆಯೆಂದು ತಿಳಿದಾಗ, ಅದನ್ನು ಯಂತ್ರದ ದೋಷವೆನ್ನಲಾಗದೆ, ಮಾವನವರ ದೋಷವೆನ್ನಲೂ ಆಗದೆ ಸುಮ್ಮನಾಗುತ್ತಾನೆ.

ಎರಡನೆಯ ಶತ್ರು ಶಾಸನ. ಸದ್ದಿಲ್ಲದ ಕಾರು ದಾರಿಹೋಕರಿಗೆ, ಅದರಲ್ಲೂ ದೃಷ್ಟಿಯಿಲ್ಲದವರಿಗೆ ಅಪಾಯಕಾರಿಯೆಂಬ ನ್ಯಾಯವಾದ ಕಾರಣದಿಂದ, ನಿಧಾನವಾಗಿ ಚಲಿಸುವಾಗ ಅದು ಹೊರಗಿನ ಸ್ಪೀಕರಿನಿಂದ ಕೃತಕ ಸದ್ದು ಹೊರಡಿಸಬೇಕೆಂಬ ನಿಯಮಗಳು ಬಂದಿವೆ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೂ 2021ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದ್ದು, ಅಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಕಾರು ತನ್ನ ಇರವನ್ನು ಸಾರುತ್ತಿರಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಈ ನಿಯಮವನ್ನು ಅನ್ವಯಿಸಿದರೆ ಕಾರು ಬಾಯಿ ಮುಚ್ಚುವ ಸಂದರ್ಭವೇ ಬರಲಾರದು. ಒಳಗಿನವರಿಗೂ ಇಂಥದೇ ಏರ್ಪಾಡುಂಟು. ಎಂಜಿನ್ನಿನ ಗರ್ಜನೆಯಿಲ್ಲದೆ ವೇಗಕ್ಕೆ ರುಚಿಯಿಲ್ಲವೆನ್ನುವವರಿಗಾಗಿ ಬಿಎಂಡಬ್ಲ್ಯು ಸಂಸ್ಥೆಯು ಹಾಲಿವುಡ್ಡಿನ ಹಾನ್ಸ್ ಝಿಮರ್ ಅವರಿಂದಲೂ, ಮಹೀಂದ್ರ ಸಂಸ್ಥೆಯು ಎ. ಆರ್. ರೆಹಮಾನ್ ಅವರಿಂದಲೂ ತಮ್ಮ ವಿದ್ಯುತ್ ಕಾರುಗಳಿಗೆ ಧ್ವನಿಗಳನ್ನು ಸಂಯೋಜಿಸಿಕೊಂಡಿವೆ. ಶಬ್ದವಿಲ್ಲವೆಂದು ಹೆಚ್ಚು ಹಣ ಕೊಟ್ಟು ಕೊಂಡ ವಸ್ತುವಿಗೆ ಶಬ್ದ ತುಂಬಿಸಲು ಮತ್ತಷ್ಟು ಹಣ ಕೊಡುವ ಈ ವ್ಯವಹಾರವನ್ನು ಅರ್ಥಶಾಸ್ತ್ರಜ್ಞರು ಇನ್ನೂ ವಿವರಿಸಬೇಕಾಗಿದೆ.

ಮೂರನೆಯದು ಸಂಗೀತ. ಹದಿನಾರು ಸ್ಪೀಕರುಗಳ ವ್ಯವಸ್ಥೆಯುಳ್ಳ ವಿದ್ಯುತ್ ಕಾರುಗಳು ಭಾರತದಲ್ಲೇ ದೊರೆಯುತ್ತಿದ್ದು, ಇವುಗಳಲ್ಲಿ ಕೆಲವು ಬಾಗಿಲುಗಳಲ್ಲಿ, ಕೆಲವು ಕಂಬಗಳಲ್ಲಿ, ಇನ್ನು ಕೆಲವು ಮಾಲೀಕನೂ ಪತ್ತೆಮಾಡದ ಮೂಲೆಗಳಲ್ಲಿ ಅಡಗಿರುತ್ತವೆ. ಶಬ್ದವು ಎಡಬಲಗಳಿಂದ ಮಾತ್ರವಲ್ಲದೆ ತಲೆಯ ಮೇಲಿನಿಂದಲೂ ಸುರಿದಂತೆ ಭಾಸವಾಗಿಸುವ ತಂತ್ರ ಇವುಗಳದ್ದು. ಆದರೆ ಕನ್ನಡದ ಹಿರಿಯ ಮಾಲೀಕನು ಆಸೆಪಟ್ಟು ಮೊದಲು ಹಾಕುವುದು ಪಿ. ಕಾಳಿಂಗರಾವ್ ಅವರ ಹಳೆಯ ಗ್ರಾಮಫೋನ್ ತಟ್ಟೆಯ ಹಾಡನ್ನು. ಒಂದೇ ಮೈಕಿನ ಮುಂದೆ ಒಂದೇ ವಾಹಿನಿಯಲ್ಲಿ ಮುದ್ರಿತವಾದ ಆ ಕಂಠವನ್ನು ಹದಿನಾರು ಸ್ಪೀಕರುಗಳು ಶ್ರದ್ಧೆಯಿಂದ ಹಂಚಿಕೊಂಡು, ತಟ್ಟೆಯ ಮೇಲಿನ ಗೀರುಗಳನ್ನೂ ಹದಿನಾರು ದಿಕ್ಕುಗಳಿಂದ ಕೇಳಿಸುತ್ತವೆ.

ರೇಡಿಯೊ ಹಾಕೋಣವೆಂದರೆ ಅಲ್ಲಿ ಇನ್ನೊಂದು ವಿಪರ್ಯಾಸವಿದೆ. 1930ರಲ್ಲಿ ಷಿಕಾಗೊದ ಗಾಲ್ವಿನ್ ಸಹೋದರರು ಮೋಟೊರೋಲ ಎಂಬ ಹೆಸರಿನಿಂದ ಕಾರಿನ ರೇಡಿಯೊವನ್ನು ಮಾರುಕಟ್ಟೆಗೆ ತಂದ ಕಾಲದಲ್ಲಿ, ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಕಿಡಿಗಳೇ ಪ್ರಸಾರಕ್ಕೆ ಗೊರಗೊರ ಬೆರೆಸುವ ದೊಡ್ಡ ಪೀಡೆಯಾಗಿದ್ದವು. ವಿದ್ಯುತ್ ಕಾರಿನಲ್ಲಿ ಕಿಡಿಯೇನೋ ಇಲ್ಲ. ಅದರ ಬದಲು ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರ್ ಇದೆ. ಸೆಕೆಂಡಿಗೆ ಸಾವಿರಾರು ಬಾರಿ ಸ್ವಿಚ್ ಹಾಕಿ ತೆಗೆಯುವ ಈ ಉಪಕರಣವು ಹೊರಸೂಸುವ ಅಲೆಗಳು ಮಧ್ಯಮ ತರಂಗದ ಪ್ರಸಾರವನ್ನು ಕೆಡಿಸುವುದರಿಂದ, ಹಲವು ತಯಾರಕರು ವಿದ್ಯುತ್ ಕಾರುಗಳಲ್ಲಿ ಆ ತರಂಗಾಂತರವನ್ನೇ ಕೈಬಿಟ್ಟಿದ್ದಾರೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದು ಬೆಳೆಸಿದ ಆಕಾಶವಾಣಿಯೆಂಬ ಹೆಸರು ಇಂದು ದೇಶದ್ದಾಗಿದೆ. ಅದೇ ಹೆಸರಿನ ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಪ್ರಸಾರವು ಮಾತ್ರ ಆಕಾಶದಿಂದ ಇಳಿದು ಇಂಥ ಕಾರಿನ ಮಾಡಿನವರೆಗೂ ಬಂದು, ಒಳಗೆ ಪ್ರವೇಶವಿಲ್ಲದೆ ಹಿಂದಿರುಗುತ್ತದೆ.

ಹಾಡು, ಗೊರಗೊರಗಳನ್ನು ದಾಟಿದರೆ ಉಳಿಯುವುದು ಮಾತು. ಚಾಲಕನಿಗೆ ಯಂತ್ರವು ನೆರವಾಗಬೇಕೆಂಬ ಆಲೋಚನೆ ಹುಟ್ಟಿದ್ದೂ ಕಾರಿನೊಳಗಿನ ಮಾತಿನಿಂದಲೇ ಎಂಬ ಕಥೆಯಿದೆ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅವರು ತಮ್ಮ ವಕೀಲನ ಕಾರಿನಲ್ಲಿ ಕುಳಿತಿದ್ದಾಗ, ಆತ ತಾನು ಮಾತಾಡುವಾಗ ವೇಗ ಇಳಿಸಿ, ಕೇಳಿಸಿಕೊಳ್ಳುವಾಗ ಏರಿಸುತ್ತಿದ್ದುದು ಅವರಿಗೆ ಸಹಿಸದಾಯಿತಂತೆ. ವೇಗವನ್ನು ಒಂದೇ ಸಮನಾಗಿ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಎಂಬ ಸಾಧನಕ್ಕೆ ಅವರು 1950ರಲ್ಲಿ ಪೇಟೆಂಟ್ ಪಡೆದರು, 1958ರಲ್ಲಿ ಅದು ಕ್ರೈಸ್ಲರ್ ಕಾರುಗಳಲ್ಲಿ ಬಂದಿತು. ಇಂದು ಎಡಾಸ್ ಎಂದು ಕರೆಯಲಾಗುವ ಚಾಲಕ ಸಹಾಯ ವ್ಯವಸ್ಥೆ ಅದರ ಮರಿಮಗು. ಗಾಜಿನ ಹಿಂದಿನ ಕ್ಯಾಮೆರಾ ಮತ್ತು ಮೂತಿಯಲ್ಲಿನ ರಾಡಾರ್ ಮೂಲಕ ರಸ್ತೆಯನ್ನು ನೋಡುತ್ತ, ಅದು ಮುಂದಿನ ವಾಹನದಿಂದ ಅಂತರ ಕಾಯುತ್ತದೆ, ಲೇನಿನ ಗೆರೆಗಳ ನಡುವೆ ಸ್ಟಿಯರಿಂಗ್ ತಿರುಗಿಸುತ್ತದೆ, ಅಪಾಯವೆನಿಸಿದರೆ ತಾನೇ ಬ್ರೇಕ್ ಒತ್ತುತ್ತದೆ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆಯು 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗಿನ ಹಂತಗಳಾಗಿ ವಿಂಗಡಿಸಿತು. ಭಾರತದಲ್ಲಿ ಪ್ರಚಾರ ಪಡೆದಿರುವ ಎರಡನೆಯ ಹಂತದ ಅರ್ಥವೇನೆಂದರೆ, ಕೆಲಸ ಕಾರಿನದು, ಹೊಣೆ ಚಾಲಕನದು. ಕೂಡುಕುಟುಂಬದ ಹಿರಿಯ ಸೊಸೆಗೆ ಈ ಹಂತವನ್ನು ಯಾರೂ ವಿವರಿಸಬೇಕಾಗಿಲ್ಲ.

ಊರೊಳಗೆ ಈ ವ್ಯವಸ್ಥೆಯ ಪಾಡು ಶಾಸ್ತ್ರ ಬಲ್ಲ ಅಳಿಯ ಸಂತೆಗೆ ಹೋದಂತೆ. ಅದು ಗೌರವದಿಂದ ಬಿಟ್ಟ ಅಂತರವನ್ನು ಸ್ಕೂಟರೊಂದು ತನಗಾಗಿ ಕಾದಿರಿಸಿದ ಜಾಗವೆಂದೇ ತಿಳಿದು ನುಗ್ಗುತ್ತದೆ. ಕಾರು ಹಿಂದೆ ಸರಿದು ಹೊಸ ಅಂತರ ಬಿಟ್ಟರೆ ಅಲ್ಲಿಗೆ ಆಟೊ ಬರುತ್ತದೆ. ಈ ಕ್ರಮದಲ್ಲಿ ಮುಂದುವರಿದರೆ ಕಾರು ಕ್ರಮೇಣ ಮನೆಗೇ ಮರಳಬೇಕಾದೀತು. ಲೇನಿನ ಗೆರೆ ಕೆಲವೆಡೆ ಅಳಿಸಿರುತ್ತದೆ. ಇರುವ ಕಡೆಯಲ್ಲಿ ಗುಂಡಿ ತಪ್ಪಿಸಲು ಮಾಲೀಕನು ಅದನ್ನು ದಾಟಹೊರಟರೆ, ಗೆರೆಯನ್ನು ಕಂಡು ಗುಂಡಿಯನ್ನು ಕಾಣದ ವ್ಯವಸ್ಥೆಯು ಸ್ಟಿಯರಿಂಗನ್ನು ಮೃದುವಾಗಿ ಗುಂಡಿಯತ್ತಲೇ ತಳ್ಳುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಾತ್ರ ಅದಕ್ಕೆ ತವರಿಗೆ ಬಂದಷ್ಟು ಸಂತೋಷ. ಅಲ್ಲಿ ಗೆರೆಗಳಿವೆ, 2023ರ ಆಗಸ್ಟಿನಿಂದ ಮುಖ್ಯ ದಾರಿಯಲ್ಲಿ ಸ್ಕೂಟರು, ಆಟೊಗಳಿಗೆ ಪ್ರವೇಶವಿಲ್ಲ. ಆದರೆ 2019ರ ಜುಲೈಯಿಂದ ಜಾರಿಯಲ್ಲಿರುವ ನಿಯಮದಂತೆ ಹೊಸ ಕಾರುಗಳು ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಸದ್ದು ಮಾಡಬೇಕು; ಆ ರಸ್ತೆಯ ಮಿತಿ 100. ಹೀಗಾಗಿ ಕಾನೂನಿಗೆ ಒಳಪಟ್ಟು ಹೋಗುವವನೂ ಬಿಡದಿಯ ತಟ್ಟೆ ಇಡ್ಲಿಯಿಂದ ಮದ್ದೂರಿನ ವಡೆಯವರೆಗೆ ಪೀಂ ಎಂಬ ಬೈಗುಳ ಕೇಳುತ್ತಲೇ ಹೋಗಬೇಕಾಗುತ್ತದೆ. ಇದರ ನಡುವೆ ಸ್ಟಿಯರಿಂಗ್ ಹಿಡಿಯಿರಿ ಎಂಬ ಆಜ್ಞೆಯೂ ಬರುತ್ತದೆ. ಎರಡೂ ಕೈಗಳಿಂದ ಹಿಡಿದಿದ್ದರೂ, ಅಲುಗಿಸದೆ ಹಿಡಿದ ಕೈಯನ್ನು ಇಲ್ಲದ ಕೈಯೆಂದೇ ಭಾವಿಸುವ ಕಾರುಗಳಿರುವುದರಿಂದ, ಮಾಲೀಕನು ಆಗೊಮ್ಮೆ ಈಗೊಮ್ಮೆ ಸ್ಟಿಯರಿಂಗನ್ನು ಸುಮ್ಮನೆ ಅಲ್ಲಾಡಿಸಿ, ಹರಿಕಥೆಯಲ್ಲಿ ಹೂಂಗುಟ್ಟುವವನಂತೆ ತನ್ನ ಎಚ್ಚರವನ್ನು ರುಜುವಾತುಪಡಿಸುತ್ತಿರುತ್ತಾನೆ.

ವರ್ಷಕ್ಕೊಂದು ದಿನ ಈ ವ್ಯವಸ್ಥೆಗೆ ಸಂಪೂರ್ಣ ರಜೆ ಸಿಗುತ್ತದೆ. ಆಯುಧಪೂಜೆಯಂದು ಗಾಜಿನ ಮೇಲೆ ಕ್ಯಾಮೆರಾದ ನೇರಕ್ಕೆ ಗಂಧ ಕುಂಕುಮ ಬೀಳುತ್ತದೆ, ರಾಡಾರಿನ ಮೂತಿಗೆ ಒದ್ದೆ ಚೆಂಡುಹೂವಿನ ದಪ್ಪ ಹಾರ ಬೀಳುತ್ತದೆ, ಎರಡು ಬದಿಗೆ ಬಾಳೆಕಂದು ನಿಲ್ಲುತ್ತದೆ. ಸೆನ್ಸರ್ ಮುಚ್ಚಿಹೋಗಿದೆ, ಸಹಾಯ ಲಭ್ಯವಿಲ್ಲ ಎಂದು ಪರದೆಯ ಮೇಲೆ ಬರಹ ಮೂಡಿದಾಗ, ಮಾಲೀಕನಿಗೆ ಎರಡು ರಕ್ಷೆಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ನಾಲ್ಕು ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಭಾರ ಹಾಕಿ ಅವನು ಹೊರಡುತ್ತಾನೆ.

ಹಾಗೆ ನೋಡಿದರೆ ಈ ನಾಡಿಗೆ ಚಾಲಕ ಸಹಾಯ ಹೊಸದಲ್ಲ. ಬಸ್ಸಿನ ಕಂಡಕ್ಟರ್ ಹೋಲ್ಡಾನ್, ರೈಟ್ ಎಂಬ ಎರಡೇ ಪದಗಳಲ್ಲಿ ನಡೆಸಿದ್ದು ಅದನ್ನೇ. ಲಾರಿಯ ಕ್ಲೀನರ್ ಹಿಂಬದಿಯನ್ನು ಅಂಗೈಯಿಂದ ಬಡಿಯುತ್ತ ಕೂಗಿದ್ದೂ ಅದನ್ನೇ. ಬಾವಲಿಯಂತೆ ಕಿವಿಗೆ ಕೇಳಿಸದ ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಪಾರ್ಕಿಂಗ್ ಸೆನ್ಸರು, ತಡೆ ಸಮೀಪಿಸಿದಂತೆ ಬೀಪ್ ಸದ್ದನ್ನು ಬಿರುಸುಗೊಳಿಸುವುದು ಈ ಪರಂಪರೆಯ ಅನುಕರಣೆಯೇ ಸರಿ. ಇಷ್ಟೆಲ್ಲ ಇದ್ದೂ ಚಾಮರಾಜಪೇಟೆಯ ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವ ಹೊತ್ತು ಬಂದಾಗ, ತರಕಾರಿ ಗಾಡಿಯವನೊಬ್ಬ ತಾನಾಗಿ ಬಂದು ಹಿಂದೆ ನಿಂತು, ಬರ್ಲಿ ಸಾರ್, ಬರ್ಲಿ, ಬರ್ಲಿ ಎಂದು ಕೈಬೀಸುತ್ತಾನೆ. ಮಾಲೀಕನು ಹದಿನಾರು ಸ್ಪೀಕರುಗಳನ್ನೂ ಆರಿಸುತ್ತಾನೆ, ಗಾಜು ಇಳಿಸುತ್ತಾನೆ, ಕಂತು ಕಟ್ಟಿದ ಮೌನದಲ್ಲಿ ಮೊದಲ ಬಾರಿಗೆ ಕಿವಿಗೊಟ್ಟು ಕೇಳುತ್ತಾನೆ. ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಕಾರು ಒಂದೇ ಸಮನೆ ಬಡಬಡಿಸುತ್ತದೆ. ಮಾಲೀಕನಿಗೂ ಅದೇ ಧೈರ್ಯ.