ಹದಿನಾಲ್ಕು ಮನೆಯ ವಠಾರ

ಬಸವನಗುಡಿಯ ಒಂದು ಫ್ಲ್ಯಾಟು, ಮೂರನೇ ಮಹಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆ. ಮನೆಮಂದಿಯೆಲ್ಲ ಊಟ ಮುಗಿಸಿ ಫ್ಯಾನಿನಡಿ ಒರಗಿದ್ದಾರೆ. ಬ್ರೂನೋ ಎಂಬ ಲ್ಯಾಬ್ರಡಾರ್ ಅಡುಗೆಮನೆಯ ನೆಲಕ್ಕೆ ಹೊಟ್ಟೆ ಒತ್ತಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ಮಲಗಿದ್ದಾನೆ. ಅವನನ್ನು ದಾಟಿ, ಸದ್ದಾಗದಂತೆ ಫ್ರೀಜರಿನ ಬಾಗಿಲು ತೆರೆದೆ. ಹಸಿ ಬಟಾಣಿಯ ಪೊಟ್ಟಣಕ್ಕೆ ಒರಗಿ ಕೂತಿದ್ದರು ನಮ್ಮ ಅತಿಥಿ, ಶ್ರೀಯುತ ಅಲ್ಯೂಮಿನಿಯಂ ಐಸ್ ಟ್ರೇ. ಮೈತುಂಬ ಗೀರು, ಬಲಗಡೆಯ ಮೂಲೆ ನೆಗ್ಗಿದೆ. ‘ಬಾಗಿಲು ತೆರೆದಿಟ್ಟಷ್ಟೂ ನಾನು ಕರಗುತ್ತೇನೆ, ಬೇಗ ಬೇಗ ಕೇಳಿ’ ಎಂಬ ಷರತ್ತಿನ ಮೇಲೆ ಮಾತುಕತೆ ಶುರುವಾಯಿತು.

ಪ್ರಶ್ನೆ: ತಮ್ಮ ಪರಿಚಯ?

ಟ್ರೇ: 1984ರಲ್ಲಿ ಈ ಮನೆಯ ಮೊದಲ ಫ್ರಿಜ್ ಜೊತೆ ಬಂದವನು. ಆಮೇಲೆ ಮೂರು ಫ್ರಿಜ್ ಬದಲಾದವು, ನಾನು ಬದಲಾಗಲಿಲ್ಲ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಮನೆ. ಒಂದು ಸಣ್ಣ ವಠಾರ ಅಂದುಕೊಳ್ಳಿ. ವಠಾರ ಹಳೆಯದೇ, ಬಾಡಿಗೆದಾರರು ಹೊಸಬರು.

ಪ್ರಶ್ನೆ: ಹಳೆಯ ಬಾಡಿಗೆದಾರರು ಯಾರಿದ್ದರು?

ಟ್ರೇ: ಬರೀ ನೀರು ಸ್ವಾಮಿ. ರಾಮನವಮಿಯ ಕರಬೂಜದ ಪಾನಕಕ್ಕೆ ಐಸು. ಅಳಿಯಂದಿರು ಬಂದರೆ ಶರಬತ್ತಿಗೆ ಐಸು. ಮಗರಾಯ ಕ್ರಿಕೆಟ್ಟಿನಲ್ಲಿ ಕಾಲು ಉಳುಕಿಸಿಕೊಂಡರೆ ಟವೆಲಿನಲ್ಲಿ ಸುತ್ತಿ ಐಸು. ಬಂದವರ ಯೋಗ್ಯತೆ ನೋಡಿ ಅಜ್ಜಿ ಒಂದೋ ಎರಡೋ ಎಣಿಸಿ ಹಾಕುತ್ತಿದ್ದರು. ಈಗ ಹದಿನಾಲ್ಕಕ್ಕೆ ಹದಿನಾಲ್ಕೂ ಬ್ರೂನೋ ಹೆಸರಿಗೇ ಖಾತೆಯಾಗಿದೆ. ಸೋಮವಾರ ಕಲ್ಲಂಗಡಿ, ಬುಧವಾರ ಬಾಳೆಹಣ್ಣು ಮೊಸರು, ಶನಿವಾರ ಮಾವು. ಪಟ್ಟಿ ಫ್ರಿಜ್ ಬಾಗಿಲ ಮೇಲೇ ಇದೆ, ನೋಡಿ. ಆ ಜಾಗದಲ್ಲಿ ಮೊದಲು ತಾತನ ಮಾತ್ರೆಗಳ ಪಟ್ಟಿ ಇತ್ತು. ಜಾಗ ಸಾಲದೆ ಅದು ಪಕ್ಕದ ಗೋಡೆಯ ಕಡೆಗೆ ತಿರುಗಿದೆ. ಈಗ ಅದನ್ನು ಓದಬೇಕಾದರೆ ಫ್ರಿಜ್ ಎಳೆಯಬೇಕು.

ಪ್ರಶ್ನೆ: ಬ್ರೂನೋಗೆ ಈ ಹಣ್ಣಿನ ಐಸು ಮಾಡುವುದು ಬಹಳ ಕಷ್ಟವೇ?

ಟ್ರೇ: ಕಷ್ಟವೇನು ಬಂತು! ಕಲ್ಲಂಗಡಿಯ ಸಿಪ್ಪೆ, ಬೀಜ ತೆಗೆದು ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿ ನನ್ನೊಳಗೆ ಸುರಿದರೆ ಮುಗಿಯಿತು. ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ. ಏಲಕ್ಕಿ ಬಾಳೆಯಾದರೆ ಎರಡು ಹಣ್ಣು ಕಿವುಚಿ, ಎರಡು ಚಮಚ ಸಪ್ಪೆ ಮೊಸರು, ಸ್ವಲ್ಪ ನೀರು. ಹಾಲುಮೊಸರು ಹೊಟ್ಟೆಗೆ ಆಗದ ನಾಯಿಗಳಿಗೆ ಮೊಸರನ್ನೂ ಬಿಡಬೇಕು. ಸಕ್ಕರೆ ಇಲ್ಲ, ಉಪ್ಪಿಲ್ಲ, ಜೇನುತುಪ್ಪ ಬೇಕಾಗಿಲ್ಲ. ಸಂಜೆ ಇಟ್ಟರೆ ಬೆಳಗ್ಗೆ ಸಿದ್ಧ. ಕಷ್ಟವಿರುವುದು ನನ್ನನ್ನು ತುಂಬಿಸುವವರು ಯಾರು ಎಂಬುದರಲ್ಲಿ. ಸೊಸೆ ಗಂಡನಿಗೆ ಹೇಳುತ್ತಾರೆ, ಗಂಡ ಮಗನಿಗೆ, ಮಗ ಅಡುಗೆಯವರಿಗೆ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಅಂತ ಗಾದೆಯಿದೆಯಲ್ಲ, ಈ ಮನೆಯಲ್ಲಿ ನಾಯಿಯೊಂದನ್ನು ಬಿಟ್ಟು ಉಳಿದವರೆಲ್ಲ ಅದನ್ನು ಪಾಲಿಸುತ್ತಾರೆ.

ಪ್ರಶ್ನೆ: ಪಕ್ಕದಲ್ಲಿ ಗುಲಾಬಿ ಬಣ್ಣದವರೊಬ್ಬರು ಕೂತಿದ್ದಾರಲ್ಲ?

ಟ್ರೇ: ಸಿಲಿಕೋನ್ ಅಚ್ಚು. ಆನ್‌ಲೈನಿನಲ್ಲಿ ಬಂದದ್ದು. ಒಂದು ಕಡೆ ಮೂಳೆಯ ಆಕಾರ, ಇನ್ನೊಂದು ಕಡೆ ನಾಯಿ ಪಾದದ ಆಕಾರ. ಹಿಂದಿನಿಂದ ಒಂದು ಬೆರಳು ಒತ್ತಿದರೆ ಸಾಕು, ಬಳುಕಿ ಎಲ್ಲವನ್ನೂ ಬಿಟ್ಟುಕೊಡುತ್ತದೆ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ನಲ್ಲಿಯ ಕೆಳಗೆ ಹಿಡಿಸಿಕೊಂಡು, ಚಾಕುವಿನ ಹಿಡಿಯಲ್ಲಿ ಹೊಡೆಸಿಕೊಂಡು, ಆಮೇಲೆ ಕೊಡುತ್ತಿದ್ದೆವು. ಈ ನೆಗ್ಗಿದ ಮೂಲೆ ಅದರದ್ದೇ ಬಿರುದು. ಈ ಅಚ್ಚು ಬಂದ ದಿನ ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, ‘ಇದೇನೇ ಅಮ್ಮಣ್ಣಿ, ಗೋಕುಲಾಷ್ಟಮಿಗೆ ಕೃಷ್ಣನ ಪಾದ ಮಾಡೋದಾ?’ ಎಂದು ಕೇಳಿದರು. ‘ಅಲ್ಲ ಅತ್ತೆ, ಬ್ರೂನೋ ಪಾದ’ ಅಂದರು ಸೊಸೆ. ಅಜ್ಜಿ ಅವನನ್ನು ಬೂರಣ್ಣ ಅಂತಲೇ ಕರೆಯುವುದು. ‘ಬೂರಣ್ಣ ತನ್ನ ಪಾದ ತಾನೇ ತಿನ್ನಬೇಕಾ?’ ಅಂದರು. ಅದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಪ್ರಶ್ನೆ: ಅಜ್ಜಿಗೆ ಈ ವ್ಯವಹಾರ ಇಷ್ಟವಿಲ್ಲವೇ?

ಟ್ರೇ: ಇಷ್ಟ ಹೆಚ್ಚಾಗಿಯೇ ಒಂದು ದಿನ ಅನಾಹುತವಾಗುತ್ತಿತ್ತು. ಪಾಯಸಕ್ಕೆ ಹಾಕುವ ಹಾಗೆ, ಮೊಸರು ಬಾಳೆಹಣ್ಣಿನ ಮನೆ ಮನೆಗೂ ಎರಡೆರಡು ಒಣದ್ರಾಕ್ಷಿ ಇಟ್ಟರು. ಸೊಸೆ ನೋಡಿ ಕಿರುಚಿದ್ದು ಕೆಳಗಿನ ವಾಚ್‌ಮನ್‌ಗೆ ಕೇಳಿಸಿತು. ಹದಿನಾಲ್ಕು ಮನೆಯನ್ನೂ ಸಿಂಕಿಗೆ ಖಾಲಿ ಮಾಡಿಸಿದರು. ಅವರು ಮಾಡಿದ್ದು ಸರಿ. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕವೂ ಇಲ್ಲ. ಒಂದು ನಾಯಿ ಗೊಂಚಲು ತಿಂದು ಅರಗಿಸಿಕೊಳ್ಳಬಹುದು, ಇನ್ನೊಂದು ನಾಲ್ಕಕ್ಕೇ ಮಲಗಬಹುದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಪಶುವೈದ್ಯರಿಗೆ ಈಚಿನ ವರ್ಷಗಳಲ್ಲಿ ಅನುಮಾನ ಬಂದಿದೆ. ಆ ಆಮ್ಲ ಧಾರಾಳವಾಗಿರುವ ಇನ್ನೊಂದು ಹಣ್ಣು ಯಾವುದು ಗೊತ್ತೇ? ಹುಣಸೆ.

ಪ್ರಶ್ನೆ: ಹಾಗಾದರೆ ಸಾರನ್ನ ತಿಂದೇ ಬೆಳೆದ ನಮ್ಮೂರ ನಾಯಿಗಳು?

ಟ್ರೇ: ಅಜ್ಜಿ ಕೇಳಿದ್ದೂ ಇದನ್ನೇ. ‘ನಮ್ಮ ಹಿತ್ತಲ ಕರಿಯನಿಗೆ ಏನೂ ಆಗಲಿಲ್ಲ’ ಅಂದರು. ಆಗಲಿಲ್ಲವೋ, ಆಗಿದ್ದು ತಿಳಿಯಲಿಲ್ಲವೋ? ಕರಿಯ ಒಂದು ದಿನ ಊಟ ಬಿಟ್ಟ, ಇನ್ನೊಂದು ದಿನ ಕಾಣಿಸಲಿಲ್ಲ. ‘ಆಯಸ್ಸು ಮುಗೀತು’ ಅಂದರು. ಆಗ ನಾಯಿಯ ರಕ್ತಪರೀಕ್ಷೆ ಯಾರು ಮಾಡಿಸುತ್ತಿದ್ದರು? ಮನುಷ್ಯರದ್ದೇ ಮಾಡಿಸುತ್ತಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆಯೂ ಅವಕ್ಕೆ ವಿಷವೇ.

ಪ್ರಶ್ನೆ: ಬೇರೆ ನಿಷೇಧಗಳು?

ಟ್ರೇ: ಸೇಬಿನ ಬೀಜ ಬೇಡ, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಮಾವಿನ ವಾಟೆ ಬೇಡವೇ ಬೇಡ. ನುಂಗಿದರೆ ಕರುಳಿನಲ್ಲಿ ಸಿಕ್ಕಿ ಆಪರೇಷನ್ನಿಗೇ ಹೋಗಬೇಕಾದೀತು. ಹೀಗಾಗಿ ಬಾದಾಮಿ ಮಾವಿನ ತಿರುಳು ಬ್ರೂನೋಗೆ, ವಾಟೆ ಅಜ್ಜಿಗೆ. ವಾಟೆ ಚೀಪುವುದು ತಾತನ ಹಕ್ಕಾಗಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಹಕ್ಕು ವರ್ಗಾವಣೆಯಾಗಿದೆ. ಎಲ್ಲಕ್ಕಿಂತ ದೊಡ್ಡ ಶತ್ರು ಮಾತ್ರ ಹಣ್ಣಲ್ಲ, ಕ್ಸೈಲಿಟಾಲ್. ಶುಗರ್‌ಫ್ರೀ ಎಂದು ಬರೆದ ಚೂಯಿಂಗ್‌ಗಮ್ಮಿನಲ್ಲಿ, ಕೆಲವು ಪೀನಟ್ ಬಟರ್‌ಗಳಲ್ಲಿ ಇರುತ್ತದೆ. ಮನುಷ್ಯರಿಗೆ ಅದು ಬರೀ ಸಿಹಿ. ನಾಯಿಯ ದೇಹ ಅದನ್ನು ಸಕ್ಕರೆಯೇ ಎಂದು ನಂಬಿ ಇನ್ಸುಲಿನ್ ಸುರಿಯುತ್ತದೆ. ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಆಮೇಲೆ ಯಕೃತ್ತಿನ ಸರದಿ. ಅದಕ್ಕೇ ಸೊಸೆಯವರು ಪೀನಟ್ ಬಟರ್ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇರುವೆಯಷ್ಟು ಸಣ್ಣ ಅಕ್ಷರವನ್ನೆಲ್ಲ ಓದುತ್ತಾರೆ.

ಪ್ರಶ್ನೆ: ಒಳ್ಳೆಯದೇ ಅಲ್ಲವೇ?

ಟ್ರೇ: ಬಹಳ ಒಳ್ಳೆಯದು. ಆಗ ಅದೇ ಅಡುಗೆಮನೆಯಲ್ಲಿ ಮೊಮ್ಮಗ ಪುಟ್ಟ ಕೈಗೆ ಕಿತ್ತಳೆ ಬಣ್ಣ ಮೆತ್ತಿಕೊಳ್ಳುವ ಯಾವುದೋ ಕುರುಕಲು ತಿನ್ನುತ್ತಿರುತ್ತಾನೆ. ಆ ಪೊಟ್ಟಣದ ಹಿಂಭಾಗವನ್ನು ಈತನಕ ಯಾರೂ ತಿರುಗಿಸಿ ನೋಡಿಲ್ಲ. ನಾಯಿಗೆ ಇಂಥ ತಿಂಡಿ ದಿನದ ಆಹಾರದ ಶೇ. 10ನ್ನು ಮೀರಬಾರದು ಎಂಬ ನಿಯಮವಿದೆ. ಸೊಸೆಯವರು ಅದಕ್ಕಾಗಿಯೇ ತಕ್ಕಡಿ ಇಟ್ಟಿದ್ದಾರೆ. ಅದೇ ನಿಯಮವನ್ನು ಮನುಷ್ಯರಿಗೂ ಹಾಕಿದರೆ, ಸಂಜೆ ಐದು ಗಂಟೆಯ ಕೋಡುಬಳೆ ಡಬ್ಬ ಅನಾಥವಾದೀತು.

ಪ್ರಶ್ನೆ: ಇಷ್ಟೆಲ್ಲ ಮಾಡಿದ್ದು ಬ್ರೂನೋಗೆ ಇಷ್ಟವೇ?

ಟ್ರೇ: ಬ್ರೂನೋಗೆ ಚಪ್ಪಲಿಯೂ ಇಷ್ಟ. ಅವನ ತಳಿಯ ಕಥೆಯೇ ಹಾಗೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ, ‘ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ಹೇಳುವ ಪಿಒಎಂಸಿ ಎಂಬ ವಂಶವಾಹಿಯಲ್ಲಿ ಹದಿನಾಲ್ಕು ಅಕ್ಷರ ಕಾಣೆಯಾಗಿದೆಯಂತೆ. ನನ್ನಲ್ಲಿ ಹದಿನಾಲ್ಕು ಮನೆ, ಅದರಲ್ಲಿ ಹದಿನಾಲ್ಕು ಅಕ್ಷರ ಖಾಲಿ. ನಾನು ಎಷ್ಟು ತುಂಬಿ ಬಂದರೂ ಆ ಖಾಲಿ ತುಂಬುವುದಿಲ್ಲ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಕೂರುವವರಲ್ಲಿ ಯಾವ ಅಕ್ಷರ ಕಾಣೆಯಾಗಿದೆಯೋ, ಅದನ್ನೂ ಯಾರಾದರೂ ನೋಡಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ನಾಯಿಗೆ ತಂಪಾಗಲಿ ಎಂಬ ಕಾಳಜಿಯನ್ನಾದರೂ ಮೆಚ್ಚಬೇಕಲ್ಲ?

ಟ್ರೇ: ಮೆಚ್ಚುತ್ತೇನೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರುವುದು ಅಂಗಾಲಿನಲ್ಲಿ ಮಾತ್ರ. ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕಿಯೇ ತಂಪಾಗಬೇಕು. ಆದರೆ ಕಳೆದ ಭಾನುವಾರ ಇವರೇ ಅವನನ್ನು ಬೆಳಗ್ಗೆ ಹನ್ನೊಂದಕ್ಕೆ ಕಾದ ಡಾಂಬರು ರಸ್ತೆಯ ಮೇಲೆ ವಾಕಿಂಗ್ ಕರೆದೊಯ್ದರು. ವಿಡಿಯೋಗೆ ಬೆಳಕು ಚೆನ್ನಾಗಿರುತ್ತದಂತೆ! ವಾಪಸು ಬಂದ ಮೇಲೆ ಪಾದದಾಕಾರದ ಕಲ್ಲಂಗಡಿ ಕೊಟ್ಟರು. ಪಾದ ಸುಟ್ಟು ಬಂದವನ ಬಾಯಿಗೆ ತಣ್ಣನೆಯ ಪಾದ! ಒಂದು ಮಾತು ಬರೆದುಕೊಳ್ಳಿ. ಬಿಸಿಲಿಗೆ ನಾಯಿ ನಿಜವಾಗಿ ಕುಸಿದರೆ ನಾನು ಔಷಧಿಯಲ್ಲ. ನೆರಳಿಗೆ ಒಯ್ಯಬೇಕು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಬೇಕು, ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಇನ್ನೊಂದು, ಕಲ್ಲಿನಂಥ ಐಸು ಕಡಿದರೆ ಹಲ್ಲು ಬಿರಿಯಬಹುದು. ಐದು ನಿಮಿಷ ಹೊರಗಿಟ್ಟು, ಕೊಂಚ ಮೆತ್ತಗಾದ ಮೇಲೆ ಕೊಡಿ. ಆ ಐದು ನಿಮಿಷವೂ ವ್ಯರ್ಥವಲ್ಲ, ಫೋಟೋಗೆ ಬೇಕಾಗುತ್ತದೆ.

ಪ್ರಶ್ನೆ: ಮಾತಿನಲ್ಲಿ ಹೊಟ್ಟೆಕಿಚ್ಚು ಕಾಣುತ್ತಿದೆಯಲ್ಲ?

ಟ್ರೇ: ನನ್ನೊಳಗೆ ಕಿಚ್ಚು ಹೇಗೆ ಬರಬೇಕು ಸ್ವಾಮಿ? ಬೇಜಾರಾಗಿದ್ದು ನನಗಾಗಿ ಅಲ್ಲ. ಸಕ್ಕರೆ ಹಾಕದ ಹಣ್ಣು, ಅಳತೆ ಮಾಡಿದ ತುಂಡು, ಹೊತ್ತಿಗೆ ಸರಿಯಾಗಿ. ಇದನ್ನೇ ಡಾಕ್ಟರು ತಾತನ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಗೋಡೆ ನೋಡುತ್ತಾ ನಿಂತಿದೆ. ತಾತನ ತಟ್ಟೆಗೆ ಬರುವುದು ‘ನಿಮಗೆ ಬೇಡ’ ಎಂಬ ಒಂದೇ ಪದಾರ್ಥ. ಆದ್ದರಿಂದ ತಾತ... ಬೇಡ ಬಿಡಿ, ಬಾಗಿಲು ಮುಚ್ಚಿ.

ಪ್ರಶ್ನೆ: ಅರ್ಧಕ್ಕೆ ನಿಲ್ಲಿಸಬೇಡಿ.

ಟ್ರೇ: ಅಚ್ಚಾಗುವುದಾದರೆ ಹೆಸರು ಹಾಕಬಾರದು. ರಾತ್ರಿ ಹನ್ನೆರಡರ ಹೊತ್ತಿಗೆ ಫ್ರೀಜರ್ ತೆರೆಯುತ್ತದೆ. ಕನ್ನಡಕವಿಲ್ಲದ ಕೈ ನನ್ನ ಮನೆಗಳನ್ನು ತಡವಿ, ಈ ನೆಗ್ಗಿದ ಮೂಲೆಯಿಂದ ಎರಡು ಬಿಲ್ಲೆ ಕಲ್ಲಂಗಡಿ ಎಬ್ಬಿಸುತ್ತದೆ. ಬ್ರೂನೋ ಸಾಕ್ಷಿ. ಬಾಲ ಆಡಿಸುತ್ತಾನೆ, ಬೊಗಳುವುದಿಲ್ಲ. ಅವನ ಬಾಯಿಗೂ ಒಂದು ಚೂರು ಬೀಳುತ್ತದೆ. ಮೊದಲಾದರೆ ಆ ಕೈ ಮೈಸೂರು ಪಾಕಿನ ಡಬ್ಬಿಗೆ ಹೋಗುತ್ತಿತ್ತು.

ಪ್ರಶ್ನೆ: ಬೆಳಗ್ಗೆ ಲೆಕ್ಕ ತಪ್ಪುವುದಿಲ್ಲವೇ? ಸೊಸೆಯವರಿಗೆ ಗೊತ್ತಾದರೆ?

ಟ್ರೇ: ಮೊದಲ ವಾರ ತಪ್ಪಿತು. ‘ಬ್ರೂನೋ ಫ್ರಿಜ್ ತೆರೆಯುವುದು ಕಲಿತಿದ್ದಾನೆ’ ಎಂದು ಮನೆಯವರಿಗೆಲ್ಲ ಹೇಳಿ ಹೆಮ್ಮೆಪಟ್ಟರು. ಎರಡನೇ ವಾರದಿಂದ ಆ ಮಾತು ನಿಂತಿದೆ. ಈಗ ಕಲ್ಲಂಗಡಿ ತುಂಬಿಸುವ ಕೆಲಸವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ತಾವೇ ಮಾಡುತ್ತಾರೆ. ಹನ್ನೆರಡು ಮನೆಗೆ ಬರೀ ಕಲ್ಲಂಗಡಿ. ನೆಗ್ಗಿದ ಮೂಲೆಯ ಎರಡು ಮನೆಗೆ ಮಾತ್ರ, ಹಿಂದೆ ಮುಂದೆ ನೋಡಿ, ಹುರಿದ ಜೀರಿಗೆಪುಡಿ ಉದುರಿಸುತ್ತಾರೆ.

ನಾಯಿಗೆ ಯಾರಾದರೂ ಜೀರಿಗೆ ಹಾಕುತ್ತಾರೆಯೇ ಸ್ವಾಮಿ? ಸಾಕು, ಬಾಗಿಲು ಮುಚ್ಚಿ. ಆ ಎರಡು ಮನೆ ಇನ್ನೂ ಗಟ್ಟಿಯಾಗಬೇಕು.