ಅರ್ಥ್ ಇಲ್ಲದ ಮನೆ

ಇಂಗ್ಲಿಷಿನವರ ‘ಅರ್ಥ್’ ಬಲು ದೊಡ್ಡ ಶಬ್ದ. ಸೂರ್ಯನನ್ನು ಸುತ್ತುವ ಗೋಳವೂ ಅದೇ, ಹೂಕುಂಡದೊಳಗಿನ ಮಣ್ಣೂ ಅದೇ. ನಮ್ಮ ಮನೆಗಳಿಗೆ ಮಾತ್ರ ಅದು ಅಂಥ ವೈಭವದಿಂದೇನೂ ಬರಲಿಲ್ಲ. ಕರೆಂಟಿನ ಬೆನ್ನು ಹಿಡಿದು, ಹಸಿರು ತಂತಿಯಾಗಿ ಬಂತು. ಭೂಗೋಳ ಓದದ ಅಜ್ಜಿಯೂ “ಗ್ರೈಂಡರ್ ಯಾಕೋ ಅರ್ಥ್ ಹೊಡೀತಿದೆ ಕಣೇ, ಮುಟ್ಟಬೇಡ” ಎಂದು ಸೊಸೆಯನ್ನು ಎಚ್ಚರಿಸುತ್ತಾಳೆ. ಪಾಪ, ಹೊಡೆಯುವುದು ಅರ್ಥ್ ಅಲ್ಲ, ಅದರ ಗೈರುಹಾಜರಿ. ಕಾವಲುಗಾರ ಬಾರದ ರಾತ್ರಿ ಕಳವಾದರೆ ಅವನ ಮೇಲೇ ದೂರು ಬರೆಸಿದಂತಾಯಿತು.

ಗ್ರೈಂಡರಿನೊಳಗೆ ತಂತಿಯ ಹೊದಿಕೆ ಸವೆದು ಫೇಸ್ ಹೊರಮೈಗೆ ತಗುಲಿತು ಅನ್ನಿ. ಅರ್ಥ್ ನೆಟ್ಟಗಿದ್ದರೆ ಕರೆಂಟು ಆ ದಾರಿಯಲ್ಲಿ ರಭಸದಿಂದ ನುಗ್ಗುತ್ತದೆ, ಫ್ಯೂಸ್ ಹಾರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಇಲ್ಲದಿದ್ದರೆ ಅದು ನೆಲಕ್ಕಿಳಿಯಲು ಬೇರೆ ದಾರಿ ಕಾಯುತ್ತದೆ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಹಿಟ್ಟು ಬಳಿಯಲು ಬರುವವರೇ ಆ ದಾರಿ. ಮರದ ಮಣೆಯ ಮೇಲೆ ನಿಂತು ಸ್ವಿಚ್ ಹಾಕುತ್ತಿದ್ದ ಹಳೆಯ ಕಾಲದವರು ಈ ವಿಜ್ಞಾನವನ್ನು ಅಂಗಾಲಿನಿಂದಲೇ ಕಲಿತಿದ್ದರು.

ಕೊನೆಗೆ ಎಲೆಕ್ಟ್ರಿಶಿಯನ್ ಬರುತ್ತಾನೆ. ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಒಂದು ತಂತಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥಿಗೂ ಕೊಟ್ಟು ನೋಡುತ್ತಾನೆ. ಬಲ್ಬು ಉರಿಯುವುದಿಲ್ಲ. “ಸಾರ್, ನಿಮ್ಮನೇಲಿ ಅರ್ಥೇ ಇಲ್ಲ” ಎಂದು ತೀರ್ಪು ಕೊಡುತ್ತಾನೆ. ಮೂವತ್ತು ವರ್ಷ ಸಂಸಾರ ಮಾಡಿದ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಾತಿನಲ್ಲಿ ವೇದಾಂತ ಇಣುಕಿದ್ದು ಅವನ ತಪ್ಪಲ್ಲ.

ಪರಿಹಾರಕ್ಕೆ ಹಿತ್ತಿಲಲ್ಲಿ ಆಳದ ಗುಂಡಿ ತೋಡಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಬೇಕು. ಒಣಮಣ್ಣು ಕರೆಂಟಿಗೆ ದಾರಿ ಬಿಡುವುದಿಲ್ಲ. ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ದಾರಿ ಸಲೀಸು ಮಾಡುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ಎರಡು ಬಿಂದಿಗೆ ನೀರನ್ನೂ ಹಾಕಬೇಕು. ಚಿಗುರದ, ಹೂ ಬಿಡದ ಕಬ್ಬಿಣದ ಪೈಪಿಗೆ ಯಜಮಾನರು ಪಂಚೆ ಎತ್ತಿಕಟ್ಟಿ ನೀರೆರೆಯುವುದನ್ನು ಕಂಡ ಪಕ್ಕದ ಮನೆಯವರು “ಏನು ಗಿಡ ಹಾಕಿದೀರಿ?” ಎಂದು ಕೇಳದೆ ಇರಲಾರರು.

ಎಲ್ಲ ಊರಿನ ಮಣ್ಣೂ ಈ ಕೆಲಸಕ್ಕೆ ಒಂದೇ ಸಮ ಒದಗುವುದಿಲ್ಲ. ವಿಜಯಪುರ, ಗದಗದ ಕಡೆಯ ಎರೆಮಣ್ಣು ಉಬ್ಬಿ ಕುಗ್ಗಿ ಗೋಡೆಗಳನ್ನು ಸೀಳಿ ಬೈಸಿಕೊಳ್ಳುತ್ತದೆ. ನೀರು ಹೀರಿ ತೇವ ಹಿಡಿದಿಡುವ ಅದೇ ಗುಣದಿಂದ ಅರ್ಥಿಂಗಿಗೆ ಮಾತ್ರ ಬಲು ಒಳ್ಳೆಯದು. ಕೋಲಾರದ ಬಂಡೆನೆಲದಲ್ಲಿ ಗುಂಡಿ ತೋಡುವವನ ಬೆವರೇ ಮೊದಲ ತೇವ. ಈಗ ‘ಕೆಮಿಕಲ್ ಅರ್ಥಿಂಗ್’ ಎಂದು ಮೂಟೆಯಲ್ಲಿ ಮಾರುವ ಪುಡಿಗಳಲ್ಲಿ ಬೆಂಟೊನೈಟ್ ಎಂಬುದೊಂದಿದೆ. ಅದು ನೀರು ಹೀರಿ ಉಬ್ಬುವ ಜೇಡಿಮಣ್ಣು, ಎರೆಮಣ್ಣಿನ ಹತ್ತಿರದ ನೆಂಟ. ಗದಗದವರು ಕಾಲಿಗೆ ಮೆತ್ತಿತೆಂದು ಕೆರೆದು ಬಿಸಾಕುವಂಥದ್ದನ್ನೇ ಉಳಿದವರು ದುಡ್ಡು ಕೊಟ್ಟು ತರುತ್ತಾರೆ.

ಟೆಲಿಗ್ರಾಫಿಗೆ ನೆಲವೂ ತಂತಿಯ ಕೆಲಸ ಮಾಡಬಲ್ಲದು ಎಂದು ಕಂಡುಕೊಂಡವನು ಜರ್ಮನಿಯ ಸ್ಟೈನ್‌ಹೈಲ್, 1838ರಲ್ಲಿ. ರೈಲು ಕಂಬಿಗಳನ್ನೇ ಟೆಲಿಗ್ರಾಫ್ ತಂತಿಯಾಗಿ ಬಳಸಲು ಹೋದ. ಕರೆಂಟು ಕಂಬಿಯಲ್ಲಿ ನಿಲ್ಲದೆ ಮಣ್ಣಿಗಿಳಿಯಿತು. ಹಾಗಿದ್ದರೆ ಮರಳಿ ಬರಲು ಎರಡನೆಯ ತಂತಿ ಯಾಕೆ, ಭೂಮಿಯೇ ಸಾಕಲ್ಲ ಎಂದು ಅವನಿಗೆ ಹೊಳೆಯಿತು. ನಮ್ಮಲ್ಲಿ 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಹೊರಡಿಸಿದರು. ಅಂದಿನ ರೇಡಿಯೊಗಳಿಗೆ ಮಾಡಿನ ಮೇಲೊಂದು ಏರಿಯಲ್, ನೆಲಕ್ಕೊಂದು ಅರ್ಥ್ ತಂತಿ. ಆಕಾಶದ ವಾಣಿ ಸ್ಪಷ್ಟವಾಗಿ ಕೇಳಬೇಕಾದರೆ ಭೂಮಿಯ ಸಹಕಾರವೂ ಬೇಕಿತ್ತು.

ಇಂಥ ಅರ್ಥಿಗೆ ನಾವು ಕೊಡುವ ಮರ್ಯಾದೆ ನೋಡಬೇಕು. ತ್ರೀ ಪಿನ್ ಪ್ಲಗ್ಗಿನ ದಪ್ಪ, ಉದ್ದ ಪಿನ್ನು ಅದರದು. ಒಳಗೆ ಹೋಗುವಾಗ ಎಲ್ಲರಿಗಿಂತ ಮೊದಲು, ಹೊರಬರುವಾಗ ಎಲ್ಲರಿಗಿಂತ ಕೊನೆಗೆ. ನಾವೋ, ಟೂ ಪಿನ್ ಪ್ಲಗ್ಗು ಹಿಡಿಸಲು ಅದರ ತೂತಿಗೇ ಬಾಲ್‌ಪೆನ್ ಚುಚ್ಚಿ ಒಳಗಿನ ಮುಚ್ಚಳ ಸರಿಸುವ ಜನ. ಮೂವತ್ತು ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿದು ಜೀವ ಉಳಿಸುವ ಸ್ವಿಚ್ಚೊಂದನ್ನು ಯಾರೋ ಪುಣ್ಯಾತ್ಮರು ಕಂಡುಹಿಡಿದರೆ, “ಸೀರಿಯಲ್ ನೋಡೋವಾಗ್ಲೇ ಬೀಳುತ್ತೆ ಹಾಳಾದ್ದು” ಎಂದು ಬೈಪಾಸ್ ಮಾಡಿಸುತ್ತೇವೆ.

ಭೂಮಿಯ ಮೇಲೆ ಭಕ್ತಿಯಿಲ್ಲವೆಂದಲ್ಲ. ಮನೆ ಕಟ್ಟುವಾಗ ಮೊದಲ ಖರ್ಚೇ ಭೂಮಿಪೂಜೆ. ಈಶಾನ್ಯ ಮೂಲೆಯಲ್ಲಿ ಗುಂಡಿ ತೆಗೆದು, ನವಧಾನ್ಯ ಹಾಕಿ, ಹಾಲೆರೆದು, ನೆಂಟರಿಗೆಲ್ಲ ಊಟ ಹಾಕುತ್ತೇವೆ. ಗ್ರಾನೈಟು, ಫಾಲ್ಸ್ ಸೀಲಿಂಗು ಮುಗಿಯುವ ಹೊತ್ತಿಗೆ ಕೈ ಬರಿದಾಗಿ, “ಅರ್ಥ್ ಗುಂಡಿ ಆಮೇಲೆ ನೋಡೋಣ ಬಿಡಿ” ಅನ್ನುವುದು ಅದೇ ಯಜಮಾನರು. ಕಂಟ್ರಾಕ್ಟರ್ ಹೇಳಿದರೆ ಯಾರೂ ಕೇಳುವುದಿಲ್ಲ. ಪುರೋಹಿತರೇ ಮನಸ್ಸು ಮಾಡಬೇಕು. ಭೂಮಿಪೂಜೆಯ ಸಾಮಾನಿನ ಪಟ್ಟಿಯಲ್ಲಿ ಅರಿಶಿನ, ಕುಂಕುಮ, ಪಂಚಾಮೃತ ಆದಮೇಲೆ ‘ಇದ್ದಿಲು ಒಂದು ಮೂಟೆ, ಕಲ್ಲುಪ್ಪು ಒಂದು ಮೂಟೆ, ಜಿಐ ಪೈಪು ಒಂದು’ ಎಂದು ಬರೆದುಬಿಟ್ಟರೆ ಸಾಕು. ಪಟ್ಟಿಯಲ್ಲಿ ಇದ್ದದ್ದನ್ನು ತರದೆ ಇರುವ ಧೈರ್ಯ ಯಾವ ಯಜಮಾನರಿಗಿದೆ?