ಕ್ಯಾಟ್ ಸೂತ್ರಕ್ಕೊಂದು ನಡುವಯಸ್ಸಿನ ಭಾಷ್ಯ

ಶಾಸ್ತ್ರಗ್ರಂಥವೆಂದ ಮೇಲೆ ಆರಂಭದಲ್ಲೇ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಹೇಳಿಬಿಡುತ್ತೇವೆ. ವಿಷಯ: ಐಐಎಂಗಳಿಗೆ ಸೇರಲು ನವೆಂಬರಿನಲ್ಲಿ ಬರೆಯುವ ಕ್ಯಾಟ್ ಪರೀಕ್ಷೆ. ಸಂಬಂಧ: ಇಪ್ಪತ್ತು ವರ್ಷದ ಹಿಂದೆಯೇ ಕಡಿದುಹೋಗಿದೆ. ಪ್ರಯೋಜನ: ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಕೈಹಾಕಲು ಅರ್ಹನಾದವನು: ಪದವಿಯಲ್ಲಿ ಶೇ 50 ಅಂಕ ಪಡೆದವನು, ಪರಿಶಿಷ್ಟರಿಗೂ ಅಂಗವಿಕಲರಿಗೂ ಶೇ 45 ಸಾಕು. ವಯೋಮಿತಿ ಇಲ್ಲ. ಈ ಕೊನೆಯ ಎರಡು ಪದಗಳೇ ಸಕಲ ಅನಾಹುತಕ್ಕೆ ಮೂಲ.

ಸಂಶೋಧನೆಗೆ ಸಿಕ್ಕಿದ್ದು ಒಂದೇ ಪ್ರಾಣಿ. ವಯಸ್ಸು 41, ವಿದ್ಯೆ ಬಿ.ಕಾಂ., ವಾಸ ಬೆಂಗಳೂರು. ಇನ್ನು ಮುಂದೆ ಇದನ್ನು ‘ವಿದ್ಯಾರ್ಥಿ’ ಎನ್ನುತ್ತೇವೆ. ಇವನ ಮತ್ತು ಲೇಖಕನ ಆಧಾರ್ ಸಂಖ್ಯೆ ಒಂದೇ ಆಗಿರುವುದು ಕಾಕತಾಳೀಯ ನ್ಯಾಯ.

ನ್ಯಾಯದ ಮಾತು ಬಂದದ್ದರಿಂದ ಪರೀಕ್ಷೆಯ ಹೆಸರನ್ನೂ ಜಿಜ್ಞಾಸೆಗೆ ಒಡ್ಡೋಣ. ಶ್ರೀವೈಷ್ಣವರಲ್ಲಿ ಎರಡು ನ್ಯಾಯಗಳುಂಟು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕಚ್ಚಿಕೊಂಡು ಹೋಗುವುದು ಮಾರ್ಜಾಲ ಕಿಶೋರ ನ್ಯಾಯ, ತೆಂಗಲೆಯವರದು. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ತಬ್ಬಿ ಹಿಡಿಯುವುದು ಮರ್ಕಟ ಕಿಶೋರ ನ್ಯಾಯ, ವಡಗಲೆಯವರದು. ಕೋಚಿಂಗಿನವರು ಫೀಸು ಕಟ್ಟಿಸಿಕೊಳ್ಳುವವರೆಗೆ ತೆಂಗಲೆ. ರಸೀದಿ ಹರಿದ ಮರುಕ್ಷಣದಿಂದ ವಡಗಲೆ. ಹೆಸರು ಬೆಕ್ಕಿನದಾದರೂ ಜೋತುಬೀಳಬೇಕಾದ್ದು ಕೋತಿಯ ಹಾಗೇ ಎಂದು ವಿದ್ಯಾರ್ಥಿಗೆ ಎರಡನೇ ವಾರದಲ್ಲಿ ಹೊಳೆಯಿತು. ಕಂತು ಆಗಲೇ ಕಟ್ಟಿಯಾಗಿತ್ತು.

ಇನ್ನು ಪುರಾತತ್ತ್ವ ಸಾಕ್ಷ್ಯ. ಬಲಗೈ ನಡುಬೆರಳಿನ ಮೊದಲ ಗೆಣ್ಣಿನ ಪಕ್ಕ, ಪೆನ್ನು ಒತ್ತಿ ಒತ್ತಿ ಎದ್ದಿದ್ದ ಒಂದು ಗಂಟು ಪದವಿಯ ಕಾಲದಲ್ಲಿ ಕಡಲೆಬೇಳೆಯಷ್ಟಿತ್ತು. ಈಗ ಆ ಜಾಗ ನುಣ್ಣಗಿದೆ. ಬದಲಿಗೆ ಹೆಬ್ಬೆರಳ ತುದಿ, ಮೊಬೈಲು ತಳ್ಳಿ ತಳ್ಳಿ, ದಪ್ಪಗಾಗಿದೆ. ನಾಗರಿಕತೆಯೊಂದು ಗೆಣ್ಣಿನಿಂದ ತುದಿಗೆ ವಲಸೆ ಹೋದದ್ದಕ್ಕೆ ಇದಕ್ಕಿಂತ ಬೇರೆ ಶಾಸನ ಬೇಕೆ? ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೊಳ್ಳುವಾಗ ಅಂಗಡಿಯವನು “ಮಗಳಿಗಾ ಸಾರ್?” ಎಂದು ಕೇಳಿದ್ದನ್ನು, “ಹೂಂ” ಎಂದು ವಿದ್ಯಾರ್ಥಿ ಒಪ್ಪಿಕೊಂಡದ್ದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇವೆ.

ಈಗ ಪೂರ್ವಪಕ್ಷ. ಬಹುಕಾಲ ಓದು ಬಿಟ್ಟವನಿಗೆ ಮರೆವೇ ಶತ್ರು ಎಂಬುದು ಸರ್ವರ ಮತ. ನಾವು ಇದನ್ನು ಖಂಡಿಸುತ್ತೇವೆ, ಪ್ರಯೋಗಸಮೇತ. ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬಿಸುತ್ತದೆ. ತಳದ ತೂತೊಂದು ತುಂಬಿದ ತೊಟ್ಟಿಯನ್ನು 12 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡೂ ತೆರೆದಿದ್ದರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ಒಂಬತ್ತನೇ ಕ್ಲಾಸಿನ ಮಗಳು ಹಲ್ಲುಜ್ಜುತ್ತಲೇ, “ಆರನೇ ಒಂದರಲ್ಲಿ ಹನ್ನೆರಡನೇ ಒಂದು ಕಳಿ ಅಪ್ಪಾ, ಹನ್ನೆರಡು ಗಂಟೆ” ಎಂದಳು. ವಿದ್ಯಾರ್ಥಿಗೆ ಲೆಕ್ಕ ಮರೆತಿರಲಿಲ್ಲ. ಆದರೆ ಅವನಿಗೆ ಸಂದೇಹಗಳಿದ್ದವು. ನೀರು ಕಾವೇರಿಯದೋ ಬೋರ್‌ವೆಲ್ಲಿನದೋ? ಕಾವೇರಿಯದಾದರೆ ದಿನ ಬಿಟ್ಟು ದಿನ ಬರುವ ನೀರಿನಲ್ಲಿ 12 ಗಂಟೆ ಎಲ್ಲಿಂದ ತರುವುದು? ತೂತು ಇದೆಯೆಂದು ಗೊತ್ತಿದ್ದೂ ನಲ್ಲಿ ಬಿಟ್ಟವನು ಯಾರು? ಬಾಡಿಗೆಯವನಾಗಿದ್ದರೆ ಮಾತು ಬೇರೆ. ಅರ್ಧ ಗಂಟೆಯ ನಂತರ ರಫ್ ಹಾಳೆಯನ್ನು ಪರಿಶೀಲಿಸಿದಾಗ ಅದರಲ್ಲಿ ಒಂದೇ ಸಾಲಿತ್ತು: ‘ವಾಷರ್, ಅರ್ಧ ಇಂಚು, 2.’

ಆದ್ದರಿಂದ ಸಿದ್ಧಾಂತ: ನಡುವಯಸ್ಸಿನ ದೋಷ ಮರೆವಲ್ಲ, ಎಲ್ಲ ಗೊತ್ತಿರುವುದು. ಇದನ್ನು ಪರೀಕ್ಷೆ ನಡೆಸುವವರು ಮೊದಲೇ ಬಲ್ಲರು. 2024ರ ಕ್ಯಾಟಿನಲ್ಲಿ 68 ಪ್ರಶ್ನೆ, 120 ನಿಮಿಷ, ತಲಾ 40 ನಿಮಿಷದ ಮೂರು ಭಾಗ. ಸರಿಯುತ್ತರಕ್ಕೆ 3 ಅಂಕ ಕೊಡುತ್ತಾರೆ. ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಕಿತ್ತುಕೊಳ್ಳುತ್ತಾರೆ. ಸುಮ್ಮನಿದ್ದರೆ ಏನೂ ಮಾಡುವುದಿಲ್ಲ. ಆ ಸುಮ್ಮನಿರುವುದೇ ವಿದ್ಯಾರ್ಥಿಗೆ ಅಪರಿಚಿತ ವಿದ್ಯೆ. ಆಫೀಸಿನ ಮೀಟಿಂಗು, ಮದುವೆಮನೆಯ ಪಂಕ್ತಿ, ಟೀವಿಯ ಮುಂದಿನ ಸೋಫಾ, ಎಲ್ಲೆಡೆ ಇಪ್ಪತ್ತು ವರ್ಷ ಅವನು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಿದ್ದಾನೆ. ಒಬ್ಬರೂ ಒಂದು ಅಂಕ ಕಳೆದವರಲ್ಲ.

ಮೊದಲ ಭಾನುವಾರದ ಮಾಕ್ ಟೆಸ್ಟಿನಲ್ಲಿ ಆಯ್ಕೆಯ 20 ಪ್ರಶ್ನೆಗಳಲ್ಲಿ ಇಪ್ಪತ್ತಕ್ಕೂ ಉತ್ತರಿಸಿದ. ಸರಿ 5, ತಪ್ಪು 15. ಹದಿನೈದು ಬಂತು, ಹದಿನೈದು ಹೋಯಿತು. ಶೂನ್ಯಸಂಪಾದನೆಗೆ ಶರಣರು ಬೇರೆ ಅರ್ಥ ಕೊಟ್ಟಿದ್ದಾರೆಂದು ಬಲ್ಲೆವು. ಆದರೂ ಆ ಪದವೇ ಇಲ್ಲಿ ಒದಗಿಬಂತು. “ನೂರಕ್ಕೆ ಎಷ್ಟು ಬಂತೋ?” ಎಂದು ಅಮ್ಮ ಕೇಳಿದಾಗ, ಅದು ಹಾಗಲ್ಲ, ಪರ್ಸೆಂಟೈಲು, ಅಂದರೆ ನಮ್ಮ ಹಿಂದೆ ಎಷ್ಟು ಜನ ಇದ್ದಾರೆ ಅಂತ, ಎಂದು ವಿವರಿಸಿದ. “ನಿನ್ನ ಹಿಂದೆಯೂ ಇದ್ದಾರಾ?” ಎಂದರು ಅಮ್ಮ. ಅವರು ಕೇಳಿದ್ದು ಕಳಕಳಿಯಿಂದಲೇ.

ಅಲ್ಲಿಂದ ಚಿಕಿತ್ಸೆ ಶುರುವಾಯಿತು. ಗೊತ್ತಿಲ್ಲದ್ದನ್ನು ಬಿಟ್ಟುಬಿಡುವ ಅಭ್ಯಾಸ ಮೊದಲು ಹಾಳೆಯ ಮೇಲೆ, ಆಮೇಲೆ, ಗಟ್ಟಿಯಾಗಲೆಂದು, ಮನೆಯಲ್ಲೂ. ಹೆಂಡತಿ, “ರೀ, ಹುಳಿಗೆ ಉಪ್ಪು ಸರಿಯಾಗಿದೆಯಾ?” ಎಂದಾಗ ಖಾಲಿ ಬಿಟ್ಟ. ಭಾವಮೈದುನ ಸೈಟಿನ ಬೆಲೆ ಕೇಳಿದಾಗ ಖಾಲಿ ಬಿಟ್ಟ. ಟೀವಿಯಲ್ಲಿ ಕ್ಯಾಪ್ಟನ್ ಟಾಸ್ ಗೆದ್ದು ಬೌಲಿಂಗ್ ತಗೊಂಡಾಗ ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಮೂರನೇ ಮಾಕ್ ಟೆಸ್ಟಿನಲ್ಲಿ ಇಪ್ಪತ್ತರಲ್ಲಿ ಎಂಟಕ್ಕಷ್ಟೇ ಉತ್ತರ, ಆರು ಸರಿ, ಎರಡು ತಪ್ಪು, ಹದಿನಾರು ಅಂಕ.

ಸೋಮವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಸೊಸೆಯ ಹತ್ತಿರ ಪಿಸುಗುಟ್ಟುತ್ತಿದ್ದರು: “ನಾಲ್ಕು ದಿನದಿಂದ ನೋಡ್ತಿದೀನಿ ಕಣಮ್ಮ, ಇವನು ಮಾತೇ ಆಡ್ತಿಲ್ಲ. ಒಂದ್ಸಲ ಶುಗರ್ ಚೆಕ್ ಮಾಡಿಸಿಬಿಡು.”